ಹಳೆ ನಾಣ್ಯದಲ್ಲಿ ಇಸವಿ ಎರಡೆರಡು ಕಂಡರೆ: ಅಸಲಿ ಡಬಲಿಂಗ್ ಗುರುತಿಸುವುದು ಹೇಗೆ

ಅಪ್ಪ ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ವಿಚಿತ್ರ ಚಿಲ್ಲರೆ ಏನಾದರೂ ಬಂದರೆ ತಮ್ಮ ಕಿಸೆಯಿಂದ ಅಷ್ಟೇ ದುಡ್ಡು ಗಲ್ಲಾಕ್ಕೆ ಹಾಕಿ ಆ ನಾಣ್ಯವನ್ನು ಮನೆಗೆ ತರುತ್ತಿದ್ದರು. ಹೀಗೆ ಒಂದು ಹಾರ್ಲಿಕ್ಸ್ ಬಾಟಲಿ ತುಂಬಿತು. ಅವರು ಊರಿಗೆ ಹೋದ ಮೇಲೆ ಬಾಟಲಿ ಡೊಂಬಿವಲಿಯ ನನ್ನ ಮನೆಗೆ ಬಂತು. ಒಂದು ಭಾನುವಾರ ಸುಮ್ನೆ ನೆಲಕ್ಕೆ ಸುರುವಿಕೊಂಡು ನೋಡುತ್ತಿದ್ದೆ. 1989ರ ಸ್ಟೀಲಿನ ಐವತ್ತು ಪೈಸೆ ಒಂದು ಕೈಗೆ ಸಿಕ್ಕಿತು. ಅದರ ಇಸವಿಯ ಅಂಕಿಗಳೆಲ್ಲ ಎರಡೆರಡು!

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ‘ಈ ನಾಣ್ಯ ನಿಮ್ಮಲ್ಲಿದ್ದರೆ ನೀವು ಲಕ್ಷಾಧೀಶರು’ ಅನ್ನುವ ವಿಡಿಯೊಗಳನ್ನೆಲ್ಲ ನೋಡಿಬಿಟ್ಟಿದ್ದೆ. ಮರುದಿನ ರಜೆ ಹಾಕಿ ಲೋಕಲ್ ಹಿಡಿದು ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋದೆ. ಹಳೆ ಸಾಮಾನಿನ ರಾಶಿಯ ಮಧ್ಯೆ ಕೂತಿದ್ದ ಚಾಚಾ ನಾಣ್ಯವನ್ನು ಸರಿಯಾಗಿ ಕೈಗೂ ತೆಗೆದುಕೊಳ್ಳಲಿಲ್ಲ. ಭೂತಗನ್ನಡಿ ನನ್ನ ಕೈಗೇ ಕೊಟ್ಟು ಒಂದು ಪ್ರಶ್ನೆ ಕೇಳಿದರು. ‘ಮೋಟಾ ಹೈ ಯಾ ಪತ್ಲಾ?’

ದಪ್ಪವೋ ತೆಳುವೋ ಅಂತ. ಏನು ದಪ್ಪ, ಏನು ತೆಳು? ಅಂಕಿ. ಮಾಮೂಲಿ ಐವತ್ತು ಪೈಸೆಯ ಅಂಕಿಗಿಂತ ನನ್ನ ನಾಣ್ಯದ ಅಂಕಿ ದಪ್ಪವಾಗಿದೆಯೋ ಇಲ್ಲ ಸಣ್ಣಗಾಗಿದೆಯೋ. ನೋಡಿದೆ. ಸಣ್ಣಗಾಗಿತ್ತು. ‘ತೋ ಘರ್ ಲೇ ಜಾ’ ಅಂದರು. ಹಾಗಾದರೆ ಮನೆಗೆ ಒಯ್ಯಿ ಅಂತ.

ಈ ಬರಹದಲ್ಲಿ ಇರುವುದೆಲ್ಲ ಹೆಚ್ಚು ಕಡಿಮೆ ಆ ಒಂದು ಪ್ರಶ್ನೆಯ ವಿವರಣೆಯೇ. ಯಾಕೆ ದಪ್ಪವಾದರೆ ಬೆಲೆ, ಯಾಕೆ ತೆಳುವಾದರೆ ಇಲ್ಲ ಅನ್ನುವುದು ಗೊತ್ತಾದರೆ ಉಳಿದದ್ದು ಕಣ್ಣಿನ ಅಭ್ಯಾಸ ಅಷ್ಟೇ.

ಮೊದಲು ಅಚ್ಚಿನ ಕಥೆ

ನಾಣ್ಯಕ್ಕೆ ಚಿತ್ರ ಮೂಡಿಸುವ ಉಕ್ಕಿನ ಅಚ್ಚಿಗೆ ಡೈ ಅಂತಾರೆ. ಒಂದು ಮುಖಕ್ಕೆ ಒಂದು, ಇನ್ನೊಂದು ಮುಖಕ್ಕೆ ಇನ್ನೊಂದು. ಎರಡರ ನಡುವೆ ಖಾಲಿ ಬಿಲ್ಲೆ ಬರುತ್ತದೆ, ಸುತ್ತ ಕಾಲರ್ ಅನ್ನುವ ಬಳೆ ಇರುತ್ತದೆ, ಯಂತ್ರ ಒತ್ತುತ್ತದೆ, ನಾಣ್ಯ ಆಚೆ ಬೀಳುತ್ತದೆ. ಸಾವಿರಾರು ನಾಣ್ಯ ಒತ್ತಿ ಒತ್ತಿ ಡೈ ಸವೆಯುತ್ತದೆ, ಆಗ ಹೊಸ ಡೈ ಬೇಕು. ಪ್ರತಿ ಸಲ ಕೂತು ಕೆತ್ತಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಡೈಗೂ ಒಂದು ಅಚ್ಚು ಇರುತ್ತದೆ. ಅದರ ಹೆಸರು ಹಬ್. ಹಬ್‌ನಲ್ಲಿ ಚಿತ್ರ ನಾಣ್ಯದಲ್ಲಿರುವ ಹಾಗೆಯೇ ಉಬ್ಬಿರುತ್ತದೆ. ಅದನ್ನು ಮೆತ್ತಗೆ ಮಾಡಿದ ಉಕ್ಕಿನ ತುಂಡಿಗೆ ಒತ್ತಿದರೆ ಅಲ್ಲಿ ತಗ್ಗಿನ, ಉಲ್ಟಾ ಚಿತ್ರ ಮೂಡುತ್ತದೆ. ಅದೇ ಡೈ.

ತೊಂದರೆ ಶುರುವಾಗುವುದು ಇಲ್ಲೇ. ಹಿಂದೆಲ್ಲ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒಮ್ಮೆ ಒತ್ತಿದರೆ ಉಕ್ಕು ಗಟ್ಟಿಯಾಗಿಬಿಡುತ್ತದೆ, ಅದನ್ನು ಕುಲುಮೆಯಲ್ಲಿ ಕಾಯಿಸಿ ಮತ್ತೆ ಮೆತ್ತಗೆ ಮಾಡಿ ಎರಡನೇ ಸಲ ಒತ್ತಬೇಕು, ಕೆಲವೊಮ್ಮೆ ಮೂರನೇ ಸಲ ಕೂಡ. ಎರಡನೇ ಸಲ ಹಬ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಸಾಕು. ಡೈಯಲ್ಲಿ ಒಂದರ ಪಕ್ಕ ಇನ್ನೊಂದು, ಎರಡು ತಗ್ಗು. ಆ ಡೈಯಿಂದ ಹೊರಬರುವ ಪ್ರತಿಯೊಂದು ನಾಣ್ಯದಲ್ಲೂ ಎರಡು ಉಬ್ಬು. ಇದೇ ಡಬಲ್ ಡೈ. ಸಂಗ್ರಾಹಕರು ದುಡ್ಡು ಕೊಡುವುದು ಇದಕ್ಕೆ.

ಜಗತ್ತಿನಲ್ಲಿ ಇದರ ದೊಡ್ಡ ಹೆಸರು ಅಮೆರಿಕದ 1955ರ ಒಂದು ಸೆಂಟ್. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ತಪ್ಪು ಡೈಯಿಂದ ಬಂದ ನಾಣ್ಯಗಳು ಒಳ್ಳೆಯ ನಾಣ್ಯಗಳ ಜೊತೆ ಬೆರೆತುಹೋದವು, 20 ಸಾವಿರಕ್ಕೂ ಹೆಚ್ಚು ನಾಣ್ಯ ಜನರ ಕೈಗೆ ಹೋಯಿತು. ಆಗ ಯಂತ್ರದಿಂದ ಸಿಗರೇಟ್ ಪ್ಯಾಕ್ ತೆಗೆದುಕೊಂಡರೆ ಚಿಲ್ಲರೆಯನ್ನು ಪ್ಯಾಕಿನ ಹೊದಿಕೆಯ ಒಳಗೇ ಸಿಕ್ಕಿಸಿ ಕೊಡುತ್ತಿದ್ದರಂತೆ, ಈ ಸೆಂಟ್‌ಗಳಲ್ಲಿ ಎಷ್ಟೋ ಸಿಕ್ಕಿದ್ದು ಹಾಗೆ. ಅದರಲ್ಲಿ ಇಸವಿ ಮತ್ತು ಅಕ್ಷರಗಳು ಬರಿಗಣ್ಣಿಗೇ ಎರಡೆರಡು. ಆದರೆ ಲಿಂಕನ್ ಮುಖ ಮಾತ್ರ ಹೆಚ್ಚು ಕಡಿಮೆ ನೆಟ್ಟಗಿದೆ. ಯಾಕೆ? ಬೀಸುವ ಕಲ್ಲು ನೆನಪಿಸಿಕೊಳ್ಳಿ. ನಡುವಿನ ಗೂಟ ಇದ್ದಲ್ಲೇ ಇರುತ್ತದೆ, ಅಂಚಿನ ಹಿಡಿ ಊರೆಲ್ಲ ಸುತ್ತುತ್ತದೆ. ಹಬ್ ಸ್ವಲ್ಪ ತಿರುಗಿ ಕೂತರೆ ಅಂಚಿನ ಅಕ್ಷರಗಳು ಜಾಸ್ತಿ ಸರಿಯುತ್ತವೆ, ನಡುವಿನ ಚಿತ್ರ ಸರಿದದ್ದೇ ಕಾಣುವುದಿಲ್ಲ.

ನಂಬಿಕೆ ಬರದಿದ್ದರೆ ಅಡುಗೆಮನೆಗೆ ಹೋಗಿ. ಪೂರಿ ಹಿಟ್ಟಿನಷ್ಟು ಗಟ್ಟಿಯಾದ ಒಂದು ಉಂಡೆ ತೆಗೆದುಕೊಳ್ಳಿ, ಚಪ್ಪಟೆ ಮಾಡಿ. ಈಗ ಚಲಾವಣೆಯಲ್ಲಿರುವ ಯಾವುದಾದರೂ ದಪ್ಪ ಐದು ರೂಪಾಯಿ ತೆಗೆದುಕೊಂಡು ಅದರೊಳಗೆ ಒತ್ತಿ, ಎತ್ತಿ. ಒಂದು ಚೂರು ತಿರುಗಿಸಿ ಅದೇ ಗುಳಿಯಲ್ಲಿ ಮತ್ತೆ ಒತ್ತಿ. ನಾಣ್ಯ ಇಲ್ಲಿ ಹಬ್, ಹಿಟ್ಟು ಡೈ. ಗುಳಿಯ ಅಂಚಿನ ಅಕ್ಷರಗಳು ಅಗಲವಾಗಿರುತ್ತವೆ. ಆ ಅಗಲ ಗುಳಿಯಿಂದ ಮತ್ತೊಂದು ನಾಣ್ಯ ಬಂದರೆ ಅಕ್ಷರ ದಪ್ಪಗೆ ಬರಲೇಬೇಕು. ಮೋಟಾ. (ಹಳೆ ನಾಣ್ಯದಲ್ಲಿ ಈ ಆಟ ಆಡಬೇಡಿ. ಹಿಟ್ಟನ್ನೂ ಆಮೇಲೆ ಬಿಸಾಡಿ.)

ಹಾಗಾದರೆ ಪತ್ಲಾ ಎಲ್ಲಿಂದ ಬಂತು

ಇಲ್ಲಿ ಡೈ ಸರಿಯಾಗಿಯೇ ಇರುತ್ತದೆ. ಆದರೆ ಯಂತ್ರದಲ್ಲಿ ಅದು ಬಿಗಿಯಾಗಿ ಕೂತಿರುವುದಿಲ್ಲ. ನಾಣ್ಯ ಒತ್ತಿದ ಕ್ಷಣದಲ್ಲೇ, ಇನ್ನೂ ಬಿಡಿಸಿಕೊಳ್ಳುವ ಮೊದಲೇ, ಡೈ ಒಂದಿಷ್ಟು ಅಲುಗಿಬಿಡುತ್ತದೆ. ಆಗಷ್ಟೇ ಮೇಲೆದ್ದ ಅಕ್ಷರದ ಒಂದು ಬದಿಯನ್ನು ಅದು ಕೆಳಕ್ಕೆ ತಳ್ಳಿಬಿಡುತ್ತದೆ. ಅಲ್ಲಿ ಚಪ್ಪಟೆಯಾದ ಒಂದು ಮೆಟ್ಟಿಲು ಉಳಿಯುತ್ತದೆ. ನಮ್ಮ ಕಣ್ಣಿಗೆ ಅಕ್ಷರ ಎರಡಾದ ಹಾಗೆ ಕಾಣುವುದು ಈ ಮೆಟ್ಟಿಲಿನಿಂದ. ನಿಜವಾಗಿ ಅಲ್ಲಿ ಏನೂ ಸೇರಿಲ್ಲ. ಇದ್ದ ಅಕ್ಷರದಿಂದಲೇ ಒಂದು ಪಾಲು ತೆಗೆದು ಪಕ್ಕಕ್ಕೆ ಹರಡಿದ್ದು. ಹಾಗಾಗಿ ಎತ್ತರದಲ್ಲಿ ಉಳಿದ ಅಕ್ಷರ ತೆಳು.

ಇದಕ್ಕೆ ಮೆಷಿನ್ ಡಬಲಿಂಗ್ ಅಂತಾರೆ, ಸ್ಟ್ರೈಕ್ ಡಬಲಿಂಗ್ ಅಂತಲೂ ಹೇಳುತ್ತಾರೆ. ಇದು ಎಷ್ಟು ಸಾಮಾನ್ಯ ಅಂದರೆ ನಿಮ್ಮ ಮನೆಯ ಚಿಲ್ಲರೆ ಡಬ್ಬಿಯನ್ನು ಅರ್ಧ ಗಂಟೆ ನೋಡಿದರೆ ಒಂದಾದರೂ ಸಿಕ್ಕೀತು. ನಾಣ್ಯಕ್ಕೆ ದರ್ಜೆ ಕೊಡುವ ಅಮೆರಿಕದ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳು ಇದನ್ನು ಎರರ್, ಅಂದರೆ ಬೆಲೆ ಬರುವಂಥ ಟಂಕಸಾಲೆಯ ತಪ್ಪು, ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆನ್‌ಲೈನಿನಲ್ಲಿ ‘ರೇರ್ ಡಬಲ್’ ಅಂತ ಮಾರಾಟಕ್ಕಿಟ್ಟ ಫೋಟೊಗಳಲ್ಲಿ ನಾನು ನೋಡಿದ ಮಟ್ಟಿಗೆ ಬಹುಪಾಲು ಇದೇ.

ಏನೇನು ಬೇಕು

ಜಾಸ್ತಿ ಏನಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಆ ಥರದ್ದು. ಝವೇರಿ ಬಜಾರಿನ ಕಡೆ ಆಭರಣದ ಉಪಕರಣ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಕತ್ತು ಬಗ್ಗುವ ಒಂದು ಟೇಬಲ್ ದೀಪ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ. ಮೆತ್ತನೆಯ ಬಟ್ಟೆ, ನಾಣ್ಯ ಜಾರಿ ಬಿದ್ದರೆ ಪೆಟ್ಟಾಗದ ಹಾಗೆ ಕೆಳಗೆ ಹಾಸಲು. ಎಲ್ಲಕ್ಕಿಂತ ಮುಖ್ಯವಾಗಿ ಅದೇ ಇಸವಿಯ, ಅದೇ ಟಂಕಸಾಲೆಯ, ತಪ್ಪಿಲ್ಲದ ಇನ್ನೊಂದು ನಾಣ್ಯ. ಪಕ್ಕದಲ್ಲಿ ಅದಿಲ್ಲದೆ ದಪ್ಪ ತೆಳು ಅಂತ ಹೇಳುವುದಾದರೂ ಹೇಗೆ?

ಕಂಪ್ಯೂಟರಿಗೆ ಸಿಕ್ಕಿಸುವ ಮೈಕ್ರೋಸ್ಕೋಪ್ ಆಮೇಲೆ ತೆಗೆದುಕೊಳ್ಳಿ. ನಾನು ಮೊದಲೇ ತೆಗೆದುಕೊಂಡು ಕೆಟ್ಟೆ. ಅಷ್ಟು ದೊಡ್ಡದು ಮಾಡಿದರೆ ಎಲ್ಲ ನಾಣ್ಯದಲ್ಲೂ ಎಲ್ಲ ಅಕ್ಷರವೂ ಎರಡಾಗಿ ಕಾಣುತ್ತದೆ. ಹತ್ತು ಪಟ್ಟಿನಲ್ಲಿ ಕಾಣದ ಡಬಲಿಂಗ್‌ಗೆ ಯಾರೂ ದುಡ್ಡು ಕೊಡುವುದಿಲ್ಲ ಅಂದುಕೊಂಡರೆ ಮನಸ್ಸಿಗೆ ನೆಮ್ಮದಿ.

ಇನ್ನೊಂದು ಮಾತು. ತೊಳೆಯಬೇಡಿ. ಅಮ್ಮ ಒಮ್ಮೆ ದೀಪಾವಳಿಗೆ ಅಪ್ಪನ ತಾಮ್ರದ ಕಾಲಾಣೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿಟ್ಟಿದ್ದರು, ಅಪ್ಪ ಏನೂ ಅನ್ನಲಿಲ್ಲ, ಆದರೆ ಆ ದಿನ ಊಟ ಬೇಗ ಮುಗಿಸಿ ಎದ್ದುಹೋದರು. ಹುಣಸೆ, ನಿಂಬೆ, ಟೂತ್‌ಪೇಸ್ಟ್, ಪಾತ್ರೆ ತಿಕ್ಕುವ ಪುಡಿ ಯಾವುದೂ ಬೇಡ. ಉಜ್ಜಿದ ನಾಣ್ಯದ ಬೆಲೆ ಬೀಳುತ್ತದೆ ಅನ್ನುವುದು ಒಂದು. ನಮ್ಮ ಕೆಲಸಕ್ಕೆ ಇನ್ನೂ ದೊಡ್ಡ ತೊಂದರೆ ಅಂದರೆ, ಉಜ್ಜಿದಾಗ ಅಕ್ಷರದ ಚೂಪು ಮೂಲೆಗಳು ದುಂಡಗಾಗುತ್ತವೆ. ನಾವು ಸಾಕ್ಷಿ ಹುಡುಕುವುದೇ ಆ ಮೂಲೆಗಳಲ್ಲಿ. ಕೈಯಲ್ಲಿ ಹಿಡಿಯುವಾಗಲೂ ಅಂಚಷ್ಟೇ ಹಿಡಿಯಿರಿ.

ನೋಡುವ ಕ್ರಮ

ದೀಪವನ್ನು ಒಂದು ಬದಿಯಿಂದ, ಓರೆಯಾಗಿ ಬೀಳುವ ಹಾಗೆ ಇಡಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಎರಡು ಕಡೆಯಿಂದ ಬೆಳಕು ಬಿದ್ದರೆ ಒಂದೇ ಅಕ್ಷರಕ್ಕೆ ಎರಡು ಹೊಳಪು ಮೂಡಿ ಡಬಲ್ ಅನ್ನಿಸುತ್ತದೆ. ಮೊಬೈಲ್ ಫ್ಲ್ಯಾಶಿನಲ್ಲಿ ತೆಗೆದ ಫೋಟೊ ಇದೇ ಕಾರಣಕ್ಕೆ ಮೋಸ ಮಾಡುತ್ತದೆ. ಈಗ ನಾಣ್ಯವನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಬೆಳಕಿನ ಜೊತೆ ಓಡಾಡುವ ಗೆರೆ ಹೊಳಪು. ತಿರುಗಿಸಿದರೂ ಇದ್ದಲ್ಲೇ ಇರುವ ಗೆರೆ ಲೋಹ. ಎಷ್ಟೋ ನಾಣ್ಯಗಳು ಈ ಮೊದಲ ಸುತ್ತಿನಲ್ಲೇ ಆಟದಿಂದ ಹೊರಗೆ.

ಆಮೇಲೆ ಇಸವಿಗೆ ಹೋಗಿ. ಅಂಕಿಗಳಾದ ಮೇಲೆ ಇಸವಿಯ ಆಸುಪಾಸಿನ ಟಂಕಸಾಲೆ ಗುರುತು. ಸ್ವಾತಂತ್ರ್ಯದ ನಂತರದ ನಾಣ್ಯಗಳಲ್ಲಿ ಮುಂಬೈಗೆ ವಜ್ರದಾಕಾರ, ಹೈದರಾಬಾದಿಗೆ ನಕ್ಷತ್ರ, ನೊಯ್ಡಾಕ್ಕೆ ದುಂಡು ಚುಕ್ಕೆ, ಕೋಲ್ಕತ್ತಾಕ್ಕೆ ಗುರುತಿಲ್ಲ. ವಜ್ರ ಸವೆದರೆ ಚುಕ್ಕೆಯ ಹಾಗೆ ಕಾಣುತ್ತದೆ, ನೊಯ್ಡಾ ಅನ್ನುವ ಅವಸರ ಬೇಡ. ಅಲ್ಲಿಂದ ಅಂಚಿನ ಅಕ್ಷರಗಳಿಗೆ, ಕೊನೆಗೆ ನಡುವಿನ ಚಿತ್ರಕ್ಕೆ: ಸಿಂಹದ ಕಣ್ಣು, ಕೇಸರದ ಗೆರೆ, ರಾಜನ ನಾಣ್ಯವಾದರೆ ಕಿವಿ ಮತ್ತು ಕಿರೀಟ.

ದೇವನಾಗರಿ ಅಕ್ಷರಗಳ ತಲೆಯ ಮೇಲಿನ ಗೆರೆ ನಮಗೆ ತುಂಬಾ ಉಪಕಾರಿ. ಅಕ್ಷರ ಮೇಲೆ ಕೆಳಗೆ ಸರಿದಿದ್ದರೆ ಆ ಗೆರೆ ಎರಡು ಹಳಿಗಳ ಹಾಗೆ ಕಾಣುತ್ತದೆ. ಆದರೆ ಎಡಕ್ಕೋ ಬಲಕ್ಕೋ ಸರಿದಿದ್ದರೆ ಗೆರೆ ತನ್ನ ಮೇಲೇ ಬಿದ್ದುಕೊಂಡು ಏನೂ ಗೊತ್ತಾಗುವುದಿಲ್ಲ. ಆಗ ನೋಡಬೇಕಾದ್ದು ನೆಟ್ಟಗೆ ಇಳಿಯುವ ಕಂಬಗಳನ್ನು, ಗೆರೆಯ ಎರಡು ತುದಿಗಳನ್ನು. ಇಂಗ್ಲಿಷ್ ಅಕ್ಷರಗಳಲ್ಲಾದರೆ ಐ, ಎನ್, ಇ ಇಂಥವುಗಳ ಮೂಲೆ.

ಮೂಲೆಯಲ್ಲಿ ಏನು ಹುಡುಕಬೇಕು? ಒಂದು ಸಣ್ಣ ಸೀಳು. ಎರಡು ಬೆರಳನ್ನು ಒಟ್ಟಿಗೆ ಜೋಡಿಸಿ ಒಂದನ್ನು ಚೂರು ಮೇಲೆ ಸರಿಸಿ ನೋಡಿ. ಬೆರಳು ಸೇರಿದಲ್ಲಿ ಗೆರೆ, ತುದಿಯಲ್ಲಿ ಒಂದು ಕಚ್ಚು. ಅಸಲಿ ಡಬಲ್ ಡೈಯ ಅಕ್ಷರದ ಮೂಲೆ ಹಾಗಿರುತ್ತದೆ. ಎರಡೂ ಭಾಗ ದುಂಡಗೆ, ತುಂಬಿಕೊಂಡು, ಹತ್ತಿರ ಹತ್ತಿರ ಒಂದೇ ಎತ್ತರಕ್ಕೆ ಎದ್ದಿರುತ್ತವೆ. ಮೆಷಿನ್ ಡಬಲಿಂಗ್‌ನಲ್ಲಿ ಎರಡನೆಯದು ಚಪ್ಪಟೆ, ತಗ್ಗಿನಲ್ಲಿ, ಚಾಕುವಿನಿಂದ ಸವರಿದ ಬೆಣ್ಣೆಯ ಹಾಗೆ ನುಣುಪು, ಬೆಳಕಿಗೆ ಕನ್ನಡಿಯಂತೆ ಮಿಂಚುತ್ತದೆ. ಮೂಲೆಯಲ್ಲಿ ಸೀಳು ಇರುವುದಿಲ್ಲ.

ಅಪ್ಪನ ಬಾಟಲಿಯಲ್ಲಿ ಧೈರ್ಯವಾಗಿ ಅಸಲಿ ಅನ್ನಬಹುದಾದದ್ದು ನನಗೆ ಸಿಕ್ಕಿದ್ದು ಒಂದೇ ಒಂದು, 1961ರ ಕಂಚಿನ ಒಂದು ನಯಾ ಪೈಸೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತಲ್ಲ, ಅದಕ್ಕೂ ಮೊದಲು ಇದ್ದದ್ದು ರೂಪಾಯಿಗೆ 64 ಪೈಸೆ, ಜನ ಗಲಿಬಿಲಿಯಾಗದಿರಲಿ ಅಂತ ಹೊಸ ನಾಣ್ಯದ ಮೇಲೆ ‘ರುಪಯೇ ಕಾ ಸೌವಾಂ ಭಾಗ್’ (ರೂಪಾಯಿಯ ನೂರನೇ ಒಂದು ಭಾಗ) ಅಂತ ಅಚ್ಚು ಹಾಕಿದ್ದರು. ಆ ‘ಸೌವಾಂ’ ಅನ್ನುವ ಪದದ ಕಂಬಗಳ ಕೆಳತುದಿಯಲ್ಲಿ ಕಚ್ಚು ಇದೆ, ತಲೆಗೆರೆ ಮಾಮೂಲಿಗಿಂತ ದಪ್ಪ. ಬರೀ 16 ಮಿಲಿಮೀಟರಿನ ನಾಣ್ಯ, ಮೊದಲ ಮೂರು ಸಲ ನೋಡಿದಾಗ ನನಗೆ ಕಂಡೇ ಇರಲಿಲ್ಲ.

ದಪ್ಪವಾದದ್ದೆಲ್ಲ ಅಸಲಿ ಅಲ್ಲ

ಚಾಚಾ ಪ್ರಶ್ನೆಗೆ ಪತ್ಲಾ ಅನ್ನುವ ಉತ್ತರ ಬಂದರೆ ಕೆಲಸ ಮುಗಿಯಿತು. ಮೋಟಾ ಅಂತ ಬಂದರೆ ಮುಗಿಯುವುದಿಲ್ಲ.

ಡೈ ತೀರಾ ಸವೆದಾಗಲೂ ಅಕ್ಷರ ದಪ್ಪಗಾಗುತ್ತದೆ. ಲೋಹ ಲಕ್ಷಾಂತರ ಸಲ ಹರಿದು ಹರಿದು ಡೈಯ ಅಕ್ಷರದ ದಡ ಕೊಚ್ಚಿಹೋಗುತ್ತದೆ, ಮಳೆಗಾಲದಲ್ಲಿ ಹೊಳೆಯ ದಂಡೆ ಕುಸಿದ ಹಾಗೆ. ಆಗ ಅಕ್ಷರ ಊದಿಕೊಂಡಂತೆ, ಮಸುಕಾಗಿ ಮೂಡುತ್ತದೆ. ಪಕ್ಕದಲ್ಲಿ ನೆರಳಿನಂಥ ಎರಡನೇ ಗೆರೆಯೂ ಕಾಣಬಹುದು. ಗುರುತಿಸುವುದು ಹೇಗೆ ಅಂದರೆ ಅಕ್ಷರದ ಸುತ್ತಲಿನ ಖಾಲಿ ಜಾಗ ನೋಡಿ. ಅದು ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿದ್ದರೆ, ಅಂಚಿನ ಕಡೆಗೆ ಹರಿಯುವ ಸಣ್ಣ ಗೆರೆಗಳಿದ್ದರೆ, ಡೈ ಸವೆದಿತ್ತು ಅಂತ ಅರ್ಥ. 1955ರ ಸೆಂಟ್‌ನಲ್ಲೇ ಇಂಥ ಸವೆದ ಡೈಯ ನಾಣ್ಯಗಳನ್ನು ‘ಬಡವರ ಡಬಲ್ ಡೈ’ ಅಂತ ಕರೆದು ಮಾರಿದ್ದುಂಟು. ಕೊನೆಯ 5ರ ಪಕ್ಕ ಒಂದು ನೆರಳು ಅಷ್ಟೇ. ವ್ಯಾಪಾರ ಎಲ್ಲ ಊರಲ್ಲೂ ಒಂದೇ, ಅಲ್ವಾ.

ನಮ್ಮಲ್ಲಿ 1980ರ ದಶಕದ ಕೊನೆಯಿಂದ ಬಂದ ಸ್ಟೀಲ್ ನಾಣ್ಯಗಳಲ್ಲಿ ಇದನ್ನು ಹೆಚ್ಚು ನಿರೀಕ್ಷಿಸಿ. ಸ್ಟೀಲ್ ಗಟ್ಟಿ, ಡೈಗೆ ಕಷ್ಟ.

ಇನ್ನು ಡೈ ಡಿಕ್ಕಿ. ಬಿಲ್ಲೆ ಬರುವುದು ತಪ್ಪಿಹೋಗಿ ಎರಡು ಡೈಗಳು ಒಂದಕ್ಕೊಂದು ಬಡಿದುಕೊಂಡರೆ ಈ ಮುಖದ ಚಿತ್ರ ಆ ಡೈಗೆ ಹತ್ತಿಕೊಳ್ಳುತ್ತದೆ. ನಂತರದ ನಾಣ್ಯಗಳಲ್ಲಿ ಖಾಲಿ ಜಾಗದಲ್ಲಿ ಏನೋ ಹೆಚ್ಚುವರಿ ಗೆರೆ. ಆ ಗೆರೆ ಇನ್ನೊಂದು ಮುಖದ ಚಿತ್ರದ ಉಲ್ಟಾ ರೂಪಕ್ಕೆ ಹೊಂದಿದರೆ ಅದು ಡಿಕ್ಕಿ, ಡಬಲಿಂಗ್ ಅಲ್ಲ.

ಒಂದೇ ಒಂದು ಅಂಕಿ ಎರಡಾಗಿದೆ, ಉಳಿದದ್ದೆಲ್ಲ ಸ್ವಚ್ಛ ಅಂತಾದರೆ ಖುಷಿಪಡಬಹುದು. ಹಿಂದೆ ಇಸವಿಯ ಅಂಕಿಯನ್ನೋ ಟಂಕಸಾಲೆ ಗುರುತನ್ನೋ ಡೈಗೆ ಪ್ರತ್ಯೇಕವಾಗಿ, ಕೈಯಿಂದಲೇ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಮೊದಲ ಪೆಟ್ಟು ಸೊಟ್ಟಗಾದರೆ ಇನ್ನೊಂದು ಪೆಟ್ಟು. ಮೊದಲಿನದು ಕೆಳಗೆ ಇಣುಕುತ್ತಲೇ ಇರುತ್ತದೆ. ಇದೂ ಡೈಯಲ್ಲೇ ಇರುವ ತಪ್ಪು, ಹಾಗಾಗಿ ಅಸಲಿ. ರೀಪಂಚ್ ಅಂತಾರೆ.

ಎರಡು ಸಲ ಹೊಡೆದ ನಾಣ್ಯ ಬೇರೆ

ಡಬಲ್ ಡೈ ಮತ್ತು ಡಬಲ್ ಸ್ಟ್ರೈಕ್ ಎರಡನ್ನೂ ಬಜಾರಿನಲ್ಲಿ ‘ಡಬಲ್’ ಅಂತಲೇ ಕರೆದುಬಿಡುತ್ತಾರೆ. ಬೇರೆ ಬೇರೆ ಇವು. ಡಬಲ್ ಸ್ಟ್ರೈಕ್‌ನಲ್ಲಿ ಡೈ ಸರಿ ಇದೆ, ನಾಣ್ಯವೇ ಯಂತ್ರದಿಂದ ಆಚೆ ಬೀಳದೆ ಎರಡನೇ ಪೆಟ್ಟು ತಿಂದಿದೆ. ಎರಡನೇ ಪೆಟ್ಟಿನಲ್ಲೂ ಮೇಲೆ ಕೆಳಗೆ ಎರಡೂ ಡೈ ತಗಲುತ್ತವೆ, ಹಾಗಾಗಿ ಸಾಮಾನ್ಯವಾಗಿ ಎರಡೂ ಮುಖದಲ್ಲಿ ಗುರುತು ಇರುತ್ತದೆ. ಡಬಲ್ ಡೈ ಹಾಗಲ್ಲ, ತಪ್ಪು ಒಂದು ಡೈಯಲ್ಲಿ, ಗುರುತು ಒಂದೇ ಮುಖದಲ್ಲಿ. ನಾಣ್ಯ ತಿರುವಿ ನೋಡುವ ಈ ಚಿಕ್ಕ ಪರೀಕ್ಷೆಯನ್ನು ಜನ ಯಾಕೋ ಮರೆಯುತ್ತಾರೆ. ಪೆಟ್ಟಿನ ನಡುವೆ ನಾಣ್ಯ ಕಾಲರಿನಿಂದ ಅರ್ಧ ಆಚೆ ಬಂದಿದ್ದರೆ ಆಕಾರವೇ ಕೆಟ್ಟು ಎರಡು ಚಂದ್ರ ಅಂಟಿಕೊಂಡ ಹಾಗೆ ಇರುತ್ತದೆ. ಅದನ್ನು ಗುರುತಿಸಲು ಭೂತಗನ್ನಡಿ ಬೇಡ.

(ಒಂದೇ ಚಿತ್ರ ಎರಡೂ ಮುಖದಲ್ಲಿ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಉಲ್ಟಾ ತಗ್ಗು ಇದ್ದರೆ ಅದು ಇನ್ನೊಂದೇ ಬಗೆಯ ಎರರ್. ಇಲ್ಲಿನ ವ್ಯಾಪಾರಿಗಳು ‘ಲಖಿ’ ಅಂತಾರೆ. ಅದರ ಕಥೆ ಇನ್ನೊಮ್ಮೆ.)

ಊರಿನ ಮನೆಯ ಸಂದೂಕದಿಂದ ಟಿಪ್ಪುವಿನ ಕಾಲದ ಆನೆ ಇರುವ ತಾಮ್ರದ ದುಡ್ಡು ಸಿಕ್ಕಿದೆ, ಆನೆಗೆ ಎರಡು ಸೊಂಡಿಲಿದೆ, ದೊಡ್ಡ ಎರರ್ ಅಲ್ವಾ ಅಂತ ಕೇಳುವವರಿದ್ದಾರೆ. ಇಲ್ಲ. ಆ ನಾಣ್ಯಗಳನ್ನು ಹೊಡೆದದ್ದು ಕೈಯಿಂದ. ಕೆಳಗಿನ ಅಚ್ಚು ನೆಟ್ಟಿರುತ್ತಿತ್ತು, ಮೇಲಿನದನ್ನು ಒಬ್ಬ ಹಿಡಿದು ಸುತ್ತಿಗೆಯಿಂದ ಬಡಿಯುವುದು. ಒಂದು ಪೆಟ್ಟು ಸಾಲದೆ ಎರಡನೆಯದು ಹೊಡೆಯುವಾಗ ಅಚ್ಚು ಜಾರಿದರೆ ಆನೆಗೆ ಎರಡು ಸೊಂಡಿಲು, ಕೆಲವೊಮ್ಮೆ ಎರಡು ಬಾಲ. ಕೈಪೆಟ್ಟಿನ ನಾಣ್ಯಗಳಲ್ಲಿ ಇದು ಮಾಮೂಲು, ಟಂಕಸಾಲೆಯ ಹೆಸರು ಓದಲಾಗದ ಹಾಗೆ ಆಗಿದ್ದರೆ ಬೆಲೆ ಕಡಿಮೆಯೂ ಆಗಬಹುದು. ನನಗಂತೂ ಎರಡು ಸೊಂಡಿಲಿನ ಆನೆಯೇ ಇಷ್ಟ, ಅದು ಬೇರೆ ಮಾತು. ಈ ಬರಹದ ಪರೀಕ್ಷೆಗಳೆಲ್ಲ ಯಂತ್ರದ ನಾಣ್ಯಗಳಿಗೆ. ಬ್ರಿಟಿಷರ ನಾಣ್ಯಗಳಾದರೆ 1835ರ ಕಂಪನಿ ರೂಪಾಯಿ ಮತ್ತು ಆಮೇಲಿನವು ಅಂತ ಇಟ್ಟುಕೊಳ್ಳಿ.

ಖಚಿತ ಮಾಡಿಕೊಳ್ಳುವ ದಾರಿ

ಡಬಲ್ ಡೈಯ ತಪ್ಪು ಡೈಯಲ್ಲಿದೆ ಅಂತ ಹೇಳಿದೆನಲ್ಲ. ಅಂದಮೇಲೆ ಅದೇ ಡೈಯಿಂದ ಬಂದ ಇನ್ನೊಂದು ನಾಣ್ಯದಲ್ಲೂ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ, ಅಷ್ಟೇ ಡಬಲಿಂಗ್ ಇರಬೇಕು. ಮೆಷಿನ್ ಡಬಲಿಂಗ್ ಹಾಗೆ ಒಂದೇ ಸಮ ಇರುವುದಿಲ್ಲ. ಡೈ ಅಲುಗಿದಂತೆ ನಾಣ್ಯದಿಂದ ನಾಣ್ಯಕ್ಕೆ ಹೆಚ್ಚು ಕಡಿಮೆಯಾಗುತ್ತದೆ. ಹಾಗಾಗಿ ಜೊತೆಗಾರನನ್ನು ಹುಡುಕಿ. ಮುಂಬೈಯ ಫೋರ್ಟ್ ಪ್ರದೇಶದ ಫುಟ್‌ಪಾತಿನಲ್ಲಿ ನಾಣ್ಯದ ರಾಶಿ ಹಾಕಿಕೊಂಡು ಕೂರುವವರ ಹತ್ತಿರ ನಯಾ ಪೈಸೆ ಬೇಕಾದಷ್ಟು ಇರುತ್ತವೆ. ನಾನು ಸುಮಾರು ಒಂದು ವರ್ಷ, ಆಫೀಸಿನಿಂದ ಸ್ಟೇಷನ್ನಿಗೆ ನಡೆಯುವಾಗ ಹತ್ತು ನಿಮಿಷ ಅಲ್ಲಿ ಕುಕ್ಕರಗಾಲಲ್ಲಿ ಕೂತು 1961ರ ನಾಣ್ಯ ಆರಿಸಿ ಆರಿಸಿ, ಕೊನೆಗೂ ‘ಸೌವಾಂ’ ಕೆಳಗೆ ಅದೇ ಕಚ್ಚು ಇರುವ ಇನ್ನೊಂದನ್ನು ಹಿಡಿದೆ. ಸಿಕ್ಕ ದಿನ 6.40ರ ಲೋಕಲ್ ತಪ್ಪಿತು, ಬೇಜಾರಾಗಲಿಲ್ಲ.

ಕಣ್ಣು ಪಳಗಿಸಲು ಒಂದು ಒಳ್ಳೆಯ ಜಾಗ ಫೋರ್ಟಿನಲ್ಲೇ ಇದೆ. ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ, ಸರ್ ಪಿ.ಎಂ. ರಸ್ತೆಯಲ್ಲಿ, 2004ರಲ್ಲಿ ಶುರುವಾದದ್ದು. ಅಲ್ಲಿಗೆ ಎರರ್ ಹುಡುಕಲು ಹೋಗಬೇಡಿ. ತಪ್ಪಿಲ್ಲದ ನಾಣ್ಯ ಹೇಗಿರುತ್ತದೆ ಅಂತ ನೋಡಲು ಹೋಗಿ. ಅಲ್ಲಿಂದ ಸ್ವಲ್ಪ ದೂರದಲ್ಲೇ, ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ, ರಿಸರ್ವ್ ಬ್ಯಾಂಕಿನ ಎದುರು ಮುಂಬೈ ಟಂಕಸಾಲೆ ಇದೆ, 1829ರಿಂದ. ಒಳಗೆ ಸುಮ್ನೆ ಬಿಡುವುದಿಲ್ಲ, ಹೊರಗಿಂದ ಕಟ್ಟಡ ನೋಡಿ ಬನ್ನಿ.

ಮೋಸ ಮತ್ತು ದುಡ್ಡು

ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು ಗ್ಯಾರೇಜಿನ ವೈಸ್‌ನಲ್ಲಿ ಬಿಗಿದರೆ ಒಂದರ ಅಕ್ಷರ ಇನ್ನೊಂದರ ಮೇಲೆ ಮೂಡುತ್ತದೆ. ಇಂಥದ್ದನ್ನು ಎರರ್ ಅಂತ ಮಾರುತ್ತಾರೆ. ಹಾಗೆ ಮೂಡಿದ ಅಕ್ಷರ ತಗ್ಗಿನಲ್ಲಿರುತ್ತದೆ, ಉಲ್ಟಾ ಇರುತ್ತದೆ. ಟಂಕಸಾಲೆಯ ಡಬಲಿಂಗ್ ಯಾವತ್ತೂ ನೇರ, ಉಬ್ಬು. ಎರಕ ಹೊಯ್ದ ನಕಲಿಗಳಿಗೆ ತಕ್ಕಡಿ ಸಾಕು. ಐದನೇ ಜಾರ್ಜನ ಬೆಳ್ಳಿ ರೂಪಾಯಿ 11.66 ಗ್ರಾಂ, ನಯಾ ಪೈಸೆ 1.5 ಗ್ರಾಂ, 1992ರಿಂದ ಬಂದ ದಪ್ಪ ಐದು ರೂಪಾಯಿ 9 ಗ್ರಾಂ. ಸವೆದರೆ ಚೂರು ಕಡಿಮೆ ತೂಗಬಹುದು, ಜಾಸ್ತಿ ತೂಗಲು ಕಾರಣವೇ ಇಲ್ಲ. ಅಂಚಿನಲ್ಲಿ ಹೊಲಿಗೆಯಂಥ ಗೆರೆ, ಮೈಮೇಲೆ ಸೂಜಿ ಚುಚ್ಚಿದಂಥ ರಂಧ್ರ ಕಂಡರೂ ಬಿಟ್ಟುಬಿಡಿ.

ಬೆಲೆ ಎಷ್ಟು ಅಂತ ಕೇಳಬೇಡಿ. ಅದು ಕೊಳ್ಳುವವನ ಆಸೆ, ನಾಣ್ಯದ ಸ್ಥಿತಿ, ಡಬಲಿಂಗ್ ಎಷ್ಟು ಎದ್ದು ಕಾಣುತ್ತದೆ ಇದರ ಮೇಲೆ. ಆದರೆ ಫೋನ್ ಮಾಡಿ ‘ನಿಮ್ಮ ನಾಣ್ಯಕ್ಕೆ ಹತ್ತು ಲಕ್ಷ, ಮೊದಲು ಕಮಿಷನ್ ಕಟ್ಟಿ’ ಅನ್ನುವವರಿಗೆ ಒಂದು ಪೈಸೆಯೂ ಕೊಡಬೇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಯೇ ಹೀಗೆ ಮೋಸ ಮಾಡುತ್ತಿದ್ದರು, 2021ರ ಆಗಸ್ಟಿನಲ್ಲಿ ಬ್ಯಾಂಕು ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಕೇಳುವುದಿಲ್ಲ ಅಂತ ಪ್ರಕಟಣೆ ಹೊರಡಿಸಿತು. ಇನ್ನು ದುಬೈಯ ಭಾವ ‘ಇಲ್ಲಿ ಒಳ್ಳೆ ರೇಟು ಸಿಗುತ್ತದೆ, ಕೊಡು’ ಅಂದರೆ ನಾಣ್ಯಕ್ಕೆ ನೂರು ವರ್ಷ ಆಗಿದೆಯಾ ನೋಡಿ. ಆಗಿದ್ದರೆ 1972ರ ಕಾನೂನಿನ ಪ್ರಕಾರ ಅದು ಪ್ರಾಚ್ಯವಸ್ತು, ಖಾಸಗಿಯವರು ದೇಶದ ಹೊರಗೆ ಒಯ್ಯುವ ಹಾಗಿಲ್ಲ.

ಇಡುವುದು

ಮುಂಬೈಯ ಮಳೆಗಾಲ ನಾಣ್ಯದ ವೈರಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ಮಿನಲ್ಲಿ ಎರಡು ಮಳೆಗಾಲ ಇಟ್ಟು ನೋಡಿದ್ದೇನೆ, ತಾಮ್ರದ ಮೇಲೆ ಹಸಿರು ಜಿಗುಟು ಬಂದಿತ್ತು. ಮೈಲಾರ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆಯ ಕಿಟಕಿ ಇರುವ ರಟ್ಟಿನ ಹೋಲ್ಡರ್ ಸಿಗುತ್ತದೆ, ಅದರಲ್ಲಿ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನಾಣ್ಯ ಹಾಕುವ ಮೊದಲೇ ರಟ್ಟಿನ ಮೇಲೆ ಬರೆದುಬಿಡಿ, ಹಾಕಿದ ಮೇಲೆ ಒತ್ತಿ ಬರೆದರೆ ಗೆರೆ ನಾಣ್ಯಕ್ಕೆ ಹೋದೀತು. ಇಸವಿ, ಟಂಕಸಾಲೆ, ಯಾವ ಮುಖ, ಯಾವ ಅಕ್ಷರ, ಯಾವ ದಿಕ್ಕಿಗೆ ಸರಿದಿದೆ, ಎಲ್ಲಿ ಸಿಕ್ಕಿತು.

ನನ್ನ ಐವತ್ತು ಪೈಸೆಗೂ ಒಂದು ಹೋಲ್ಡರ್ ಇದೆ. ‘1989, ಮುಂಬೈ, ಇಸವಿ ಬಲಕ್ಕೆ, ಪತ್ಲಾ’ ಅಂತ ಬರೆದಿದ್ದೇನೆ. ಹೊಸದಾಗಿ ಏನಾದರೂ ಎರಡೆರಡು ಕಂಡಾಗ ಮೊದಲು ಅದನ್ನೇ ತೆಗೆದು ಪಕ್ಕಕ್ಕೆ ಇಟ್ಟುಕೊಳ್ಳುತ್ತೇನೆ.